ಅಂಬಾಸಿಡರ್ ಸ್ಟೀರಿಂಗ್‌ನಲ್ಲಿ ನಾಲ್ಕು ಬೆರಳು ಪ್ಲೇ: ರ‍್ಯಾಕ್ ಟೈಟ್ ಮಾಡಿಸಲಾ?

ಅಂಬಿ_ತೀರ್ಥಹಳ್ಳಿ
ಮಾರ್ಕ್ 4 ಪೆಟ್ರೋಲ್ ಗಾಡಿ. ಚಕ್ರ ನೇರ ಇದ್ದಾಗ ಸ್ಟೀರಿಂಗ್ ವೀಲ್ ಅಂಚಿನಲ್ಲಿ ಚಕ್ರ ತಿರುಗದೆ ನಾಲ್ಕು ಬೆರಳಷ್ಟು ಸುಮ್ಮನೆ ಆಡುತ್ತೆ (ಪ್ಲೇ). ಮಂಡಗದ್ದೆ ದಾಟಿ ರಸ್ತೆ ಸ್ವಲ್ಪ ನೇರ ಸಿಕ್ಕಿ 50 ದಾಟಿದರೆ ಅತ್ತಿತ್ತ ಓಲಾಡುತ್ತೆ, ಹೊಂಡಕ್ಕಿಳಿದರೆ ಎಡಗಡೆ ‘ಟಕ್’ ಅನ್ನೋ ಸದ್ದು. ಎರಡೂ ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರವನ್ನು ಎಳೆಯೋ ಸರಳು) ಎಂಡ್ ಹೊಸವು, ಅಲೈನ್‌ಮೆಂಟೂ ಆಗಿದೆ. ರ‍್ಯಾಕ್ (ಸ್ಟೀರಿಂಗ್ ತಿರುಗಿದಂತೆ ಪಕ್ಕಕ್ಕೆ ಸರಿದು ಚಕ್ರ ತಿರುಗಿಸೋ ಹಲ್ಲಿನ ಸರಳು) ಟೈಟ್ ಮಾಡಿದರೆ ಸರಿಹೋಗುತ್ತೆ ಅಂತಾರೆ. ಆಗುಂಬೆ ಘಾಟಿ ಇಳಿಯೋ ಗಾಡಿ, ಅದಕ್ಕೇ ಕೇಳ್ತಿದ್ದೀನಿ.

ಸ್ಪ್ಯಾನರ್_ಸಾಗರ
ರ‍್ಯಾಕ್‌ಗೆ ಈಗಲೇ ಕೈ ಹಾಕಬೇಡಿ. ಟಕ್ ಸದ್ದು ಒಂದೇ ಕಡೆ ಬರ್ತಿದೆ ಅಂದರೆ ದೋಷ ಹೆಚ್ಚಾಗಿ ಆ ಚಕ್ರದ ಹತ್ತಿರವೇ ಇರುತ್ತೆ.

ಮೊದಲು ಗಾಡಿ ನೆಲದ ಮೇಲಿರಲಿ, ಎಂಜಿನ್ ಆಫ್. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಪ್ಲೇ ಇರುವಷ್ಟೇ ಎಡಕ್ಕೆ ಬಲಕ್ಕೆ ಅಲ್ಲಾಡಿಸಲಿ. ನೀವು ಕೆಳಗೆ ಮಲಗಿ ಕಾಲಂ ತುದಿಯ ಜಾಯಿಂಟ್‌ನಿಂದ ಶುರುಮಾಡಿ ಪಿನಿಯನ್ (ರ‍್ಯಾಕನ್ನು ಸರಿಸೋ ಹಲ್ಲಿನ ಚಕ್ರ), ರ‍್ಯಾಕ್, ಟೈ ರಾಡ್, ಸ್ಟೀರಿಂಗ್ ಆರ್ಮ್ ಅಂತ ಒಂದೊಂದನ್ನೇ ಬೆರಳಿಟ್ಟು ನೋಡುತ್ತಾ ಹೋಗಿ. ಎಲ್ಲಿ ಒಂದು ಭಾಗ ಅಲ್ಲಾಡಿ ಪಕ್ಕದ್ದು ಸುಮ್ಮನಿರುತ್ತೋ ಅಲ್ಲೇ ಸವೆತ. ಟೈ ರಾಡ್‌ನ ಒಳತುದಿಯ ಬಾಲ್ ಜಾಯಿಂಟ್ ಕಣ್ಣಿಗೆ ಕಾಣಲ್ಲ, ರಬ್ಬರ್ ಬೂಟ್ ಮೇಲಿಂದ ಚಿವುಟಿ ಹಿಡಿದರೆ ಕೈಗೆ ಗೊತ್ತಾಗುತ್ತೆ. ರ‍್ಯಾಕ್ ಇಡಿಯಾಗಿ ಪಕ್ಕಕ್ಕೆ ಜರುಗಿದರೆ ಬರೀ ಕ್ಲಾಂಪ್ ಬೋಲ್ಟ್ ಸಡಿಲ, ಖರ್ಚೇ ಇಲ್ಲ.

ಆಮೇಲೆ ಜ್ಯಾಕ್ ಏರಿಸಿ, ಷಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ (12 ಮತ್ತು 6 ಗಂಟೆ) ಹಿಡಿದು ಜಗ್ಗಿ. ಆಡಿದರೆ ಒಳಗಿನವರಿಗೆ ಬ್ರೇಕ್ ಒತ್ತೋಕೆ ಹೇಳಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ (ಮುಂಚಕ್ರ ಎಡಕ್ಕೆ ಬಲಕ್ಕೆ ತಿರುಗೋಕೆ ಇರೋ ನಿಲುವು ಪಿನ್) ಅಥವಾ ಟ್ರನಿಯನ್ (ಆ ಪಿನ್ ತುದಿಯನ್ನು ಸಸ್ಪೆನ್ಷನ್ ಆರ್ಮ್‌ಗೆ ಜೋಡಿಸೋ ತುಂಡು). 3 ಮತ್ತು 9ರಲ್ಲಿ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ ಇಲ್ಲವೇ ರ‍್ಯಾಕ್.

ಗೇರಾಯಿಲ್90
ಮೇಲಿನದು ಸರಿ. ರ‍್ಯಾಕ್ ಟೈಟ್ ಮಾಡಿಸೋದು ಯಾಕೆ ಅಪಾಯ ಅಂದರೆ, ಹಲ್ಲು ಸವೆಯೋದು ನಡುವೆ, ನೇರ ಓಡುವ ಜಾಗದಲ್ಲಿ. ಅಲ್ಲಿ ಪ್ಲೇ ಪೂರ್ತಿ ಹೋಗೋ ಹಾಗೆ ಬಿಗಿದರೆ ಸವೆಯದ ತುದಿಗಳಲ್ಲಿ ಕಚ್ಚಿಕೊಳ್ಳುತ್ತೆ. ಹೇರ್‌ಪಿನ್ ತಿರುವಲ್ಲಿ ಪೂರ್ತಿ ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸ್ ಬರದಿದ್ದರೆ ಏನಾಗುತ್ತೆ ಅಂತ ಯೋಚಿಸಿ.

ನಿಜಕ್ಕೂ ರ‍್ಯಾಕ್‌ನದೇ ತಪ್ಪು ಅಂತಾದರೆ ಕ್ರಮ ಹೀಗೆ: ಡ್ಯಾಂಪರ್ (ರ‍್ಯಾಕನ್ನು ಪಿನಿಯನ್‌ಗೆ ಒತ್ತಿ ಹಿಡಿಯೋ ಭಾಗ) ಮುಚ್ಚಳ ಬಿಚ್ಚಿ, ಸ್ಪ್ರಿಂಗ್ ಮತ್ತು ಶಿಮ್ (ಮುಚ್ಚಳದ ಕೆಳಗಿನ ತೆಳು ತಗಡು) ತೆಗೆದು, ಒತ್ತೋ ಪ್ಲಂಜರ್ ಮತ್ತು ಮುಚ್ಚಳ ಮಾತ್ರ ಕೂರಿಸಿ. ಪಿನಿಯನ್ ತಿರುಗೋಕೆ ಸ್ವಲ್ಪ ಬಿಗಿ ಅನ್ನಿಸುವವರೆಗೆ ಬೋಲ್ಟ್‌ಗಳನ್ನು ಸಮವಾಗಿ ಬಿಗಿಯಿರಿ. ಮುಚ್ಚಳದ ಕೆಳಗಿನ ಸಂದನ್ನು ಫೀಲರ್ ಗೇಜ್‌ನಲ್ಲಿ ಅಳೆಯಿರಿ. 0.30 ಮಿ.ಮೀ. ಬಂತು ಅನ್ನಿ, ಅದಕ್ಕೆ 0.05ರಿಂದ 0.10 ಸೇರಿಸಿ, ಅಂದರೆ 0.35–0.40 ದಪ್ಪದ ಶಿಮ್ ಹಾಕಿ, ಸ್ಪ್ರಿಂಗ್ ಸಮೇತ ಮುಚ್ಚಿ. ಕೊನೆಗೆ ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ. ಎಲ್ಲಾದರೂ ಹಿಡಿದರೆ ಶಿಮ್ ಹೆಚ್ಚಿಸಿ. ಶಿಮ್ ಕಿತ್ತು ಬಿಸಾಕಿ ಬಿಗಿಯೋದು ರಿಪೇರಿ ಅಲ್ಲ.

ಒಳಗೆ 90ರ ಗೇರ್ ಆಯಿಲ್ ಹಾಕಿ, ಗ್ರೀಸ್ ತುರುಕಬೇಡಿ. ಗ್ರೀಸ್ ತುದಿಗೆ ತಳ್ಳಿಕೊಂಡು ಹೋಗಿ ಅಲ್ಲೇ ಉಳಿಯುತ್ತೆ, ಹಲ್ಲು ಒಣಗುತ್ತೆ. ಬೂಟ್ ಹರಿದಿದ್ದರೆ ಮೊದಲು ಅದನ್ನು ಬದಲಾಯಿಸಿ. ನಮ್ಮ ಕೆಂಪು ಮಣ್ಣು ಎಣ್ಣೆ ಜೊತೆ ಸೇರಿದರೆ ಅರೆಯೋ ಪೇಸ್ಟೇ.

ಅಂಬಿ_ತೀರ್ಥಹಳ್ಳಿ
ನೋಡಿದೆ. ಎಡ ಚಕ್ರ 12–6ರಲ್ಲಿ ಚೆನ್ನಾಗಿ ಆಡುತ್ತೆ, ಬ್ರೇಕ್ ಒತ್ತಿದರೂ ಹಾಗೇ. ಕೆಳಗಿನ ಟ್ರನಿಯನ್‌ನಲ್ಲೇ ಅಲುಗಾಟ ಕಾಣ್ತಿದೆ, ಗ್ರೀಸ್ ನಿಪ್ಪಲ್ ಮಣ್ಣಲ್ಲಿ ಮುಚ್ಚಿಹೋಗಿದೆ. ರ‍್ಯಾಕ್‌ನಲ್ಲಿ ಆಟ ಇಲ್ಲ. ಎಡಗಡೆ ಮಾತ್ರ ಬದಲಾಯಿಸಿದರೆ ಸಾಕಾ?

ಸ್ಪ್ಯಾನರ್_ಸಾಗರ
ಬಲಗಡೆಯೂ ಅಷ್ಟೇ ಮಳೆ ನೆನೆದಿದೆ, ಬಿಚ್ಚಿ ನೋಡಿ. ಆಟ ಇದ್ದರೆ ಎರಡೂ ಕಡೆ ಒಟ್ಟಿಗೆ ಮಾಡಿಸಿ. ಅಲ್ಲಿವರೆಗೆ ಘಾಟಿ ಬೇಡ, ಟ್ರನಿಯನ್ ಒಳಗಿನ ಥ್ರೆಡ್ (ತಿರುಪಿನ ಸುತ್ತು) ಪೂರ್ತಿ ಸವೆದರೆ ಚಕ್ರವೇ ಮಡಚಿಕೊಳ್ಳುತ್ತೆ. ಪಿನ್ ಮತ್ತು ಟ್ರನಿಯನ್ ಜೋಡಿಯಾಗಿ ಹೊಸದಿರಲಿ, ಹಳೆ ಪಿನ್‌ಗೆ ಹೊಸ ಟ್ರನಿಯನ್ ಬೇಗ ಸವೆಯುತ್ತೆ. ಎಡದ್ದು ಬಲದ್ದು ಅದಲುಬದಲಾಗದಂತೆ ಗುರುತು ಹಾಕಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ.

ಬಿಚ್ಚುವಾಗ ಲೋವರ್ ಆರ್ಮ್ ಕೆಳಗೆ ಜ್ಯಾಕ್ ಇರಲೇಬೇಕು. ಟಾರ್ಷನ್ ಬಾರ್ (ಸ್ಪ್ರಿಂಗ್ ಕೆಲಸ ಮಾಡೋ ಸರಳು) ತಿರುಚಿಕೊಂಡೇ ಇರುತ್ತೆ, ಆಧಾರ ತಪ್ಪಿದರೆ ಆರ್ಮ್ ಬಡಿದು ಕೈ ಮುರಿಯುತ್ತೆ. ಟೈ ರಾಡ್ ಎಂಡ್ ಬಿಡಿಸೋಕೆ ನಟ್ ಮೇಲೆ ಹೊಡೆಯಬೇಡಿ. ಅದು ಕೂತಿರೋ ಸ್ಟೀರಿಂಗ್ ಆರ್ಮ್‌ನ ಕಣ್ಣಿಗೆ (ತೂತಿನ ಸುತ್ತಲ ಭಾಗಕ್ಕೆ) ಎರಡೂ ಪಕ್ಕದಿಂದ ಎರಡು ಸುತ್ತಿಗೆಯಲ್ಲಿ ಒಟ್ಟಿಗೆ ಒಂದು ಪೆಟ್ಟು ಕೊಟ್ಟರೆ ಕಚ್ಚಿಕೊಂಡ ಟೇಪರ್ (ಕಿರಿದಾಗುವ ತುದಿ) ಬಿಡುತ್ತೆ. ಸ್ಪ್ಲಿಟ್ ಪಿನ್ ಹೊಸದೇ ಹಾಕಿ.

ಗೇರಾಯಿಲ್90
ಗ್ರೀಸ್ ಹೊಡೆಯುವಾಗ ಚಕ್ರ ನೆಲದಿಂದ ಎತ್ತಿರಲಿ. ಗಾಡಿ ಭಾರ ಬಿದ್ದಿದ್ದರೆ ಒತ್ತಡ ಇರೋ ಕಡೆಗೇ ಗ್ರೀಸ್ ಹೋಗಲ್ಲ. ಹಳೇದು ನೀರಿನ ಸಮೇತ ಹೊರಬಂದು ಹೊಸದು ಕಾಣೋವರೆಗೂ ಪಂಪ್ ಮಾಡಿ. 1,500 ಕಿ.ಮೀ.ಗೆ ಒಮ್ಮೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ. ಎಲ್ಲಾ ಮುಗಿದ ಮೇಲೆ ಅಲೈನ್‌ಮೆಂಟ್ ಮತ್ತೆ ಮಾಡಿಸಿ, ಟ್ರನಿಯನ್ ಆಡ್ತಿದ್ದಾಗ ತೆಗೆದ ರೀಡಿಂಗ್ ಈಗ ಲೆಕ್ಕಕ್ಕಿಲ್ಲ.