ಎಕ್ಸ್‌ಪಿ ಕಂಪ್ಯೂಟರಲ್ಲಿ ಬ್ಯಾಕಪ್ ಬ್ಯಾಚ್ ಫೈಲ್: ಒಂದೇ ಸಾಲು ಓಡ್ತಾನೇ ಇದೆ, ಹೊಸ ಬಿಲ್ ಕಾಪಿ ಆಗ್ತಿಲ್ಲ

ಮೆಕ್ಕೆಜೋಳ_ಮಂಡಿ (ದಾವಣಗೆರೆ):
ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿ ಕಂಪ್ಯೂಟರ್. ವಿಂಡೋಸ್ ಎಕ್ಸ್‌ಪಿ, 512 ಎಂಬಿ ರ‍್ಯಾಮ್. ಲೆಕ್ಕದ ಸಾಫ್ಟ್‌ವೇರ್ ಹೊಸ ವಿಂಡೋಸಲ್ಲಿ ಓಡಲ್ಲ, ಹಾಗಾಗಿ ಮಿಷನ್ ಬದಲಾಯಿಸಿ ಅನ್ನಬೇಡಿ. ಇಂಟರ್ನೆಟ್ ಕೊಟ್ಟಿಲ್ಲ. ದಿನಾ ಸಂಜೆ ಲೆಕ್ಕದ ಫೋಲ್ಡರ್ ಪೆನ್‌ಡ್ರೈವಿಗೆ ಹೋಗಲಿ ಅಂತ ನೋಟ್‌ಪ್ಯಾಡಲ್ಲಿ ಒಂದೇ ಸಾಲಿನ ಬ್ಯಾಚ್ ಫೈಲ್ (ಕಮಾಂಡ್ ಬರೆದಿಟ್ಟು ಓಡಿಸೋ ಫೈಲ್) ಬರೆದಿದೆ. ಎಕ್ಸ್‌ಕಾಪಿ ಅನ್ನೋದು ಫೋಲ್ಡರ್ ಕಾಪಿ ಮಾಡೋ ವಿಂಡೋಸ್ ಕಮಾಂಡ್:

ಎಕ್ಸ್‌ಕಾಪಿ ಡಿ:\ಲೆಕ್ಕ ಎಫ್:\ಬ್ಯಾಕಪ್ /ಡಿ /ಇ /ಸಿ /ವೈ

ಫೈಲಿನ ಹೆಸರು ಎಕ್ಸ್‌ಕಾಪಿ.ಬ್ಯಾಟ್. ಡಬಲ್ ಕ್ಲಿಕ್ ಮಾಡಿದ್ರೆ ಈ ಸಾಲೇ ಪರದೆ ತುಂಬ ಓಡ್ತಾ ಇರುತ್ತೆ, ಕಾಪಿ ಆಗಲ್ಲ. ಕಮಾಂಡ್ ಪ್ರಾಂಪ್ಟಲ್ಲಿ ಕೈಯಾರೆ ಹೊಡೆದ್ರೆ ಆಗುತ್ತೆ. ಅದರಲ್ಲೂ ಕೆಲವು ದಿನ ಅವತ್ತಿನ ಬಿಲ್ಲುಗಳೇ ಬಿಟ್ಟುಹೋಗಿರುತ್ತವೆ. ರಾತ್ರಿಯೆಲ್ಲ ಕರೆಂಟ್ ಇಲ್ಲದಿದ್ರೆ ಮಾರನೇ ದಿನ ಇದು ಖಾತ್ರಿ. ಎಲ್ಲಿ ತಪ್ಪು?

ಬಾತಿಗುಡ್ಡ:
ಓಡ್ತಾ ಇರೋದಕ್ಕೆ ಕಾರಣ ಹೆಸರು. ಕಮಾಂಡನ್ನ ವಿಂಡೋಸ್ ಮೊದಲು ಹುಡುಕೋದು ತಾನು ನಿಂತಿರೋ ಫೋಲ್ಡರಲ್ಲಿ, ಆಮೇಲೆ ವಿಂಡೋಸಿನ ಸ್ವಂತ ಕಮಾಂಡುಗಳಿರೋ ಸಿಸ್ಟಮ್32 ಫೋಲ್ಡರಲ್ಲಿ. ಮೊದಲನೇ ಕಡೆಯೇ ನಿಮ್ಮ ಎಕ್ಸ್‌ಕಾಪಿ.ಬ್ಯಾಟ್ ಸಿಗುತ್ತೆ, ಅದು ತನ್ನನ್ನೇ ಕರೆಯುತ್ತೆ, ಮತ್ತೆ ಕರೆಯುತ್ತೆ. ಸಂಜೆ.ಬ್ಯಾಟ್ ಅಂತ ಹೆಸರು ಬದಲಾಯಿಸಿ. ಪಿಂಗ್, ಸಾರ್ಟ್, ಫೈಂಡ್ ಅಂತ ಹೆಸರಿಟ್ಟು ಒಳಗೆ ಅದೇ ಕಮಾಂಡ್ ಬರೆದ್ರೂ ಇದೇ ಗತಿ. ಸೇವ್ ಮಾಡುವಾಗ ‘ಆಲ್ ಫೈಲ್ಸ್’ ಆರಿಸಿ, ಇಲ್ಲದಿದ್ರೆ ಬಾಲಕ್ಕೆ .ಟಿಎಕ್ಸ್‌ಟಿ ಅಂಟಿಕೊಳ್ಳುತ್ತೆ.

ಒಳಗೆ ಹೀಗಿರಲಿ. ಇಲ್ಲಿ ಓದೋಕೆ ಕನ್ನಡದಲ್ಲಿ ಕೊಟ್ಟಿದ್ದೀನಿ, ಮಿಷನ್ನಲ್ಲಿ ಫೋಲ್ಡರ್ ಹೆಸರೂ ಸೇರಿ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು:

@ಎಕೋ ಆಫ್
ಇಫ್ ನಾಟ್ ಎಗ್ಸಿಸ್ಟ್ ಎಫ್:\ಗುರುತು.ಟಿಎಕ್ಸ್‌ಟಿ ಗೋಟು ಇಲ್ಲ
ಎಕ್ಸ್‌ಕಾಪಿ "ಡಿ:\ಲೆಕ್ಕ" "ಎಫ್:\ಬ್ಯಾಕಪ್" /ಇ /ಐ /ವೈ
ಇಫ್ ಎರರ್‌ಲೆವೆಲ್ 1 ಗೋಟು ತಪ್ಪು
ಎಕೋ ಮುಗೀತು
ಪಾಜ್
ಗೋಟು :ಇಒಎಫ್
:ಇಲ್ಲ
ಎಕೋ ನಮ್ಮ ಪೆನ್‌ಡ್ರೈವ್ ಅಲ್ಲ
ಪಾಜ್
ಗೋಟು :ಇಒಎಫ್
:ತಪ್ಪು
ಎಕೋ ಕಾಪಿ ಪೂರ್ತಿ ಆಗಿಲ್ಲ
ಪಾಜ್

ಗುರುತು.ಟಿಎಕ್ಸ್‌ಟಿ ಅನ್ನೋದು ನಿಮ್ಮ ಪೆನ್‌ಡ್ರೈವಲ್ಲಿ ನೀವೇ ಇಡೋ ಖಾಲಿ ಫೈಲ್. ಯಾರದ್ದೋ ಹಾಡಿನ ಪೆನ್‌ಡ್ರೈವ್ ಎಫ್ ಆಗಿ ಕೂತಿದ್ರೆ ಅಲ್ಲಿಗೆ ಲೆಕ್ಕ ಹೋಗಲ್ಲ. /ಇ ಅಂದ್ರೆ ಒಳಗಿನ ಫೋಲ್ಡರುಗಳೂ ಸೇರಿ, /ವೈ ಅಂದ್ರೆ ಹಳೇ ಕಾಪಿ ಮೇಲೆ ಕೇಳದೆ ಬರೆಯೋದು. /ಐ ಹಾಕಿದ್ರೆ ‘ಇದು ಫೈಲಾ, ಫೋಲ್ಡರಾ’ ಅಂತ ಕೇಳೋದು ತಪ್ಪುತ್ತೆ. /ಸಿ ಬೇಕಂತಲೇ ತೆಗೆದೆ. ಲೆಕ್ಕದ ಸಾಫ್ಟ್‌ವೇರ್ ತೆರೆದೇ ಇದ್ರೆ ಅದು ಹಿಡಿದಿರೋ ಫೈಲಿಗೆ ‘ಶೇರಿಂಗ್ ವಯೊಲೇಶನ್’ (ಬೇರೆ ಪ್ರೋಗ್ರಾಂ ಬಳಸ್ತಿದೆ ಅನ್ನೋ ಎರರ್) ಬರುತ್ತೆ. /ಸಿ ಇದ್ರೆ ಅದನ್ನ ಬಿಟ್ಟು ಮುಂದೆ ಹೋಗುತ್ತೆ, ಬಿಟ್ಟಿದ್ದೇ ಮುಖ್ಯ ಫೈಲ್ ಆಗಿರುತ್ತೆ. ಸಾಫ್ಟ್‌ವೇರ್ ಮುಚ್ಚಿ ಆಮೇಲೆ ಓಡಿಸಿ.

ಕೋಟೆನಾಡು (ಚಿತ್ರದುರ್ಗ):
ಬಿಲ್ ಬಿಟ್ಟುಹೋಗೋದಕ್ಕೆ ಬೇರೆ ಕಾರಣ ಇದೆ. ಬಾತಿಗುಡ್ಡ ಅವರು /ಡಿ ತೆಗೆದಿದ್ದಾರೆ, ಯಾಕೆ ಅಂತ ಹೇಳಲಿಲ್ಲ. /ಡಿ ಎರಡೂ ಕಡೆಯ ಫೈಲಿನ ತಾರೀಖು ನೋಡಿ ಹೊಸದಿದ್ರೆ ಮಾತ್ರ ಕಾಪಿ ಮಾಡುತ್ತೆ. ಬೆಳಿಗ್ಗೆ ಆನ್ ಮಾಡಿದ ತಕ್ಷಣ ಗಡಿಯಾರ ನೋಡಿ. ಹಳೇ ವರ್ಷ ತೋರಿಸಿದ್ರೆ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಆ ದಿನ ತಿದ್ದಿದ ಫೈಲಿಗೆ ಹಳೇ ತಾರೀಖು ಬೀಳುತ್ತೆ, ಪೆನ್‌ಡ್ರೈವಲ್ಲಿ ಇರೋದೇ ಹೊಸದು ಅಂತ ಎಕ್ಸ್‌ಕಾಪಿ ಸುಮ್ಮನಾಗುತ್ತೆ. ಎರರ್ ಕೂಡ ಕೊಡಲ್ಲ.

ಸಿಆರ್2032, 3 ವೋಲ್ಟಿನದು, ವಾಚ್ ಅಂಗಡೀಲೂ ಸಿಗುತ್ತೆ. ಪ್ಲಗ್ಗನ್ನೇ ಕಿತ್ತು, ಪ್ಲಸ್ ಗುರುತು ಮೇಲೆ ಬರೋ ಹಾಗೆ ಕೂರಿಸಿ. ಆಮೇಲೆ ಬಯೋಸಲ್ಲಿ (ಆನ್ ಮಾಡಿದಾಗ ವಿಂಡೋಸಿಗೂ ಮೊದಲು ಬರೋ ಸೆಟ್ಟಿಂಗ್ ಪರದೆ) ತಾರೀಖು ಜೊತೆ ಬೂಟ್ ಕ್ರಮವನ್ನೂ, ಅಂದ್ರೆ ಯಾವ ಡ್ರೈವಿಂದ ಮೊದಲು ಶುರುವಾಗಬೇಕು ಅನ್ನೋದನ್ನೂ, ನೋಡಿಕೊಳ್ಳಿ, ಅದೂ ಅಳಿಸಿರಬಹುದು.

ಮೆಕ್ಕೆಜೋಳ_ಮಂಡಿ:
ಹೌದು ಸರ್, ಇವತ್ತು ಬೆಳಿಗ್ಗೆ 2003 ತೋರಿಸ್ತು! ಬ್ಯಾಟರಿ ತರಿಸ್ತೀನಿ. ಆದ್ರೆ ಯುಎಸ್‌ಬಿ 1.1, ಪೂರ್ತಿ ಫೋಲ್ಡರ್ 600 ಎಂಬಿ, ದಿನಾ ಎಲ್ಲಾ ಕಾಪಿ ಮಾಡೋಕೆ ತುಂಬ ಹೊತ್ತು ಹಿಡಿಯುತ್ತೆ. ತಾರೀಖು ನಂಬದೆ ಬದಲಾದ ಫೈಲ್ ಮಾತ್ರ ಕಳಿಸೋಕೆ ಬರುತ್ತಾ?

ಕೋಟೆನಾಡು:
ಬರುತ್ತೆ. ಆ ವೇಗಕ್ಕೆ ಸೆಕೆಂಡಿಗೆ ಸುಮಾರು 1 ಎಂಬಿ, ಅಂದ್ರೆ 10 ನಿಮಿಷ. ಎಕ್ಸ್‌ಕಾಪಿ ಸಾಲಿಗೆ /ಎಂ ಸೇರಿಸಿ. ಫೈಲ್ ತಿದ್ದಿದಾಗೆಲ್ಲ ವಿಂಡೋಸ್ ಅದಕ್ಕೆ ಆರ್ಕೈವ್ ಗುರುತು ಹಾಕುತ್ತೆ. /ಎಂ ಆ ಗುರುತಿದ್ದದ್ದನ್ನ ಮಾತ್ರ ಕಾಪಿ ಮಾಡಿ ಗುರುತು ಅಳಿಸುತ್ತೆ, ಗಡಿಯಾರದ ಗೊಡವೆ ಇಲ್ಲ. ಮೊದಲ ಸಲ ಮಾತ್ರ ಪೂರ್ತಿ ಹೋಗಲಿ. ಅದಕ್ಕೆ ಮುಂಚೆ ಒಮ್ಮೆ ‘ಅಟ್ರಿಬ್ +ಎ ಡಿ:\ಲೆಕ್ಕ\*.* /ಎಸ್’ ಹೊಡೆಯಿರಿ, ಎಲ್ಲಾ ಫೈಲಿಗೂ ಗುರುತು ಬೀಳುತ್ತೆ.

ಬಾತಿಗುಡ್ಡ:
ಎರಡು ಪೆನ್‌ಡ್ರೈವ್ ಅದಲುಬದಲು ಮಾಡ್ತಿದ್ರೆ /ಎಂ ಬೇಡ. ಸೋಮವಾರ ಒಂದಕ್ಕೆ ಹೋದ ಫೈಲಿನ ಗುರುತು ಅಳಿಸಿರುತ್ತೆ, ಮಂಗಳವಾರ ಇನ್ನೊಂದಕ್ಕೆ ಅದು ಹೋಗೋದೇ ಇಲ್ಲ. ಎರಡರಲ್ಲೂ ಅರ್ಧರ್ಧ ಲೆಕ್ಕ ಉಳಿಯುತ್ತೆ. ದಿನದ್ದು ಒಂದರಲ್ಲೇ ಇರಲಿ, ಎರಡನೇದಕ್ಕೆ ವಾರಕ್ಕೊಮ್ಮೆ /ಎಂ ಇಲ್ಲದೆ ಪೂರ್ತಿ ಕಾಪಿ.

ಇನ್ನೊಂದು, ಯಾರಾದ್ರೂ ರೋಬೋಕಾಪಿ (ಇನ್ನೊಂದು ಕಾಪಿ ಕಮಾಂಡ್) ಬಳಸಿ ಅಂದ್ರೆ, ಅದು ವಿಸ್ಟಾದಿಂದ ಈಚೆಗೆ ವಿಂಡೋಸ್ ಜೊತೆಗೇ ಬರುತ್ತೆ, ನಿಮ್ಮ ಎಕ್ಸ್‌ಪಿಯಲ್ಲಿ ಇರಲ್ಲ.

ಮೆಕ್ಕೆಜೋಳ_ಮಂಡಿ:
ಹೆಸರು ಬದಲಾಯಿಸಿದ ಮೇಲೆ ಓಡ್ತಿದೆ. ಸಂಜೆ 6ಕ್ಕೆ ತಾನಾಗೇ ಓಡೋ ಹಾಗೆ ವಿಂಡೋಸಿನ ಶೆಡ್ಯೂಲ್ಡ್ ಟಾಸ್ಕಿಗೆ ಹಾಕಿದೆ, ಆದ್ರೆ ಅದು ಓಡಲೇ ಇಲ್ಲ.

ಕೋಟೆನಾಡು:
ಲಾಗಿನ್ನಿಗೆ ಪಾಸ್‌ವರ್ಡ್ ಇಲ್ಲ ಅಲ್ವಾ? ಖಾಲಿ ಪಾಸ್‌ವರ್ಡಿನ ಖಾತೆಯಲ್ಲಿ ಎಕ್ಸ್‌ಪಿ ಟಾಸ್ಕ್ ಓಡಿಸಲ್ಲ. ಪಾಸ್‌ವರ್ಡ್ ಇಟ್ಟು ಅದನ್ನೇ ಟಾಸ್ಕಲ್ಲೂ ಕೊಡಿ. ಆದ್ರೂ 6 ಗಂಟೆಗೆ ಸಾಫ್ಟ್‌ವೇರ್ ತೆರೆದೇ ಇರುತ್ತೆ. ಬಾಗಿಲು ಹಾಕೋ ಹೊತ್ತಿಗೆ ಡೆಸ್ಕ್‌ಟಾಪಿಂದ ಡಬಲ್ ಕ್ಲಿಕ್ ಮಾಡೋದೇ ಲೇಸು.