ದಿಮ್ಮಿ ಎತ್ತೋಕೆ ಫೋರ್ಕ್: ಟ್ರ್ಯಾಕ್ಟರ್ ಮುಂದೆಯಾ, ಹಿಂದೆಯಾ?

ಹೊಸಕೋಟೆ ತೋಟ:
45 ಎಚ್‌ಪಿ, ಟು ವೀಲ್ ಡ್ರೈವ್, ಮುಂದೆ ಲೋಡರ್ (ಬಕೆಟ್ ಎತ್ತುವ ತೋಳುಗಳು) ಇದೆ. ಬಕೆಟ್ ತುಟಿಗೆ (ಮುಂದಿನ ಅಂಚಿಗೆ) ಸಿಕ್ಕಿಸುವ ಫೋರ್ಕ್ ಸಾಕಾ, ಹಿಂದಿನ, ನೇಗಿಲು ಸಿಕ್ಕಿಸುವ ತ್ರೀ ಪಾಯಿಂಟ್‌ಗೆ ಹಾಕಿಸಲಾ? ನೀಲಗಿರಿ ದಿಮ್ಮಿ 3 ಮೀಟರ್ ಉದ್ದ, 40 ಸೆಂ.ಮೀ. ದಪ್ಪ. ಗೊಬ್ಬರದ ಪ್ಯಾಲೆಟ್ಟೂ ಇಳಿಸಬೇಕು.

ಹೈಡ್ರಾಲಿಕ್ ಕೆಲಸ:
ಮೊದಲು ತೂಕ ನೋಡಿ ಸರ್. ಆ ಅಳತೆಗೆ 0.38 ಘನ ಮೀಟರ್. ಹಸಿ ನೀಲಗಿರಿ ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್. ಅಂದ್ರೆ ಒಂದೇ ದಿಮ್ಮಿ ಸುಮಾರು 380 ಕೆಜಿ. ತುಟಿಗೆ ಸಿಕ್ಕಿಸಿದರೆ ಭಾರ ಬಕೆಟ್ಟಿನ ಆಳದಷ್ಟು ಮುಂದಕ್ಕೆ ಹೋಗಿ ಎತ್ತುವ ಶಕ್ತಿ ಕುಗ್ಗುತ್ತೆ, ತುಟಿಯೂ ಬಾಗುತ್ತೆ. ಬಕೆಟ್ ಬಿಚ್ಚಿ, ಅದೇ ಪಿನ್ನುಗಳಿಗೆ ಫೋರ್ಕ್ ಫ್ರೇಮ್ ಕೂರಿಸಿ.

ಹಿಂದೆ ತೂಕ ಇಲ್ಲದೆ ಎತ್ತಲೇಬೇಡಿ. ನಿಮ್ಮ ಗಾಡಿಗೆ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ ಮಾತ್ರ. ಅದು ಹಗುರಾದರೆ ಇಳಿಜಾರಲ್ಲಿ ನಿಲ್ಲಲ್ಲ. ಹಿಂದಿನ ಟೈರಿಗೆ ಮುಕ್ಕಾಲು ನೀರು, ತ್ರೀ ಪಾಯಿಂಟ್‌ಗೆ ಕಾಂಕ್ರೀಟ್ ಬ್ಲಾಕ್.

ನೆಲಮಂಗಲ:
ನೆಲದ ಮಟ್ಟದಲ್ಲಿ ಸಾಗಿಸೋಕೆ ಹಿಂದಿನ ಫೋರ್ಕೇ ಚೆನ್ನ. ಲಾರಿ ಎತ್ತರ ಮುಟ್ಟಲ್ಲ, ಅಷ್ಟೇ. ಮುಂದಿನ ಚಕ್ರ ಎದ್ದರೆ ಸ್ಟೇರಿಂಗ್ ಕೆಲಸ ಮಾಡಲ್ಲ, ಹಾಗಾಗಿ ಮುಂದೆ ವೆಯ್ಟ್ ಹಾಕಿ, ಚೆಕ್ ಚೈನ್ (ಹಿಂದಿನ ತೋಳು ಅತ್ತಿತ್ತ ಓಲಾಡದಂತೆ ಹಿಡಿಯುವ ಸರಪಳಿ) ಬಿಗಿ ಮಾಡಿ.

ಹೈಡ್ರಾಲಿಕ್ ಕೆಲಸ:
ಇನ್ನೊಂದು ಮುಖ್ಯ ವಿಷಯ. ತಾನಾಗಿ ಸಮತಲ ಹಿಡಿಯದ ಲೋಡರ್ ಮೇಲೆತ್ತಿದಷ್ಟೂ ಫೋರ್ಕ್ ಹಿಂದಕ್ಕೆ ವಾಲುತ್ತೆ, ದಿಮ್ಮಿ ತೋಳುಗಳ ಮೇಲೆ ಉರುಳಿ ಡ್ರೈವರ್ ಮೇಲೇ ಬರುತ್ತೆ. ಎತ್ತುತ್ತಾ ಟಿಲ್ಟ್ ಸರಿಮಾಡಿ, ಎತ್ತರದ ಬ್ಯಾಕ್‌ರೆಸ್ಟ್ ಬೆಸೆಸಿ, ದಿಮ್ಮಿಗೆ ಚೈನ್ ಬಿಗಿಯಿರಿ. ಓಡಿಸುವಾಗ ನೆಲದಿಂದ ಒಂದಡಿ ಮಾತ್ರ. ಪ್ಯಾಲೆಟ್‌ನಲ್ಲಿ 45 ಕೆಜಿಯ 20 ಯೂರಿಯಾ ಚೀಲ ಇದ್ದರೆ 900 ಕೆಜಿ. ಎಷ್ಟು ಎತ್ತುತ್ತೆ ಅಂತ ಲೋಡರ್ ಪ್ಲೇಟ್ ನೋಡಿ, ಅರ್ಧರ್ಧ ಇಳಿಸಿ.