ಹಿಂದೆ ದೊಡ್ಡ ಟೈರ್, ಮುಂದೆ ಚಿಕ್ಕದು: ಫೋರ್ ವೀಲ್ ಪಿಕಪ್ ಓಡಿಸಬಹುದಾ?

ಮಾದಾಪುರ ತೋಟ
ಎಲ್ಲರಿಗೂ ನಮಸ್ಕಾರ. ನಮ್ಮದು ಮಾದಾಪುರದ ಹತ್ತಿರ ಕಾಫಿ ತೋಟ. ಹಳೇ ಪಿಕಪ್ ಇದೆ, ಲಿವರ್ ಎಳೆದು ಫೋರ್ ವೀಲ್ ಹಾಕುವಂಥದ್ದು, ಅಂದರೆ ಆಗ ಎಂಜಿನ್ ನಾಲ್ಕೂ ಚಕ್ರ ಎಳೆಯುತ್ತದೆ. ನಾಲ್ಕಕ್ಕೂ 215/75 ಆರ್ 15 ಸೈಜ್ ಟೈರ್ ಇತ್ತು. ಹಿಂದಿನ ಎರಡು ಬೋಳಾಗಿದ್ದವು, ಪಕ್ಕದ ತೋಟದವರ ಹತ್ತಿರ 235/75 ಆರ್ 15 ಎರಡು ಒಳ್ಳೇ ಟೈರ್ ಸಿಕ್ಕಿತು, ಅದನ್ನೇ ಹಿಂದೆ ಹಾಕಿದ್ದೇವೆ. ಕೆಸರಲ್ಲಿ ಚೆನ್ನಾಗಿ ಹತ್ತುತ್ತದೆ. ಆದರೆ ಟಾರ್ ರಸ್ತೆಗೆ ಬಂದು ಸ್ವಲ್ಪ ದೂರ ಹೋದ ಮೇಲೆ ಲಿವರ್ ಟೂ ವೀಲ್‌ಗೆ ವಾಪಸ್ ಬರುವುದಿಲ್ಲ, ಗಟ್ಟಿಯಾಗಿ ಕೂತುಬಿಡುತ್ತದೆ. ರಿವರ್ಸ್ ತೆಗೆದರೆ ಟಕ್ ಅಂತ ಬಿಡುತ್ತದೆ. ಮುಂದಿನ ತಿಂಗಳು ಕೊಯ್ಲು ಶುರು, ದಿನಾ ಚೀಲ ಹೊರಬೇಕು. ಗೇರ್ ಬಾಕ್ಸ್ ಬಿಚ್ಚಿಸಬೇಕಾ?

ಗೋಣಿಕೊಪ್ಪ ಮೆಕ್ಯಾನಿಕ್
ಸದ್ಯಕ್ಕೆ ಏನೂ ಬಿಚ್ಚಿಸಬೇಡಿ ಸರ್, ಮೊದಲು ಟೈರ್ ಸರಿ ಮಾಡಿ. ನಿಮ್ಮ ಮುಂದಿನ ಟೈರ್ ಎತ್ತರ ಸುಮಾರು 703 ಮಿ.ಮೀ., ಹಿಂದಿನದು 733. ಮೂವತ್ತು ಮಿಲಿಮೀಟರ್ ತಾನೇ ಅನ್ನಿಸಬಹುದು. ಆದರೆ ಒಂದು ಕಿಲೋಮೀಟರ್ ಹೋಗಲು ಮುಂದಿನ ಚಕ್ರ ಸುಮಾರು 452 ಸುತ್ತು ಸುತ್ತಬೇಕು, ಹಿಂದಿನದಕ್ಕೆ 434 ಸಾಕು. ಈ ಥರದ ಗಾಡಿಯಲ್ಲಿ ಫೋರ್ ವೀಲ್ ಹಾಕಿದ ತಕ್ಷಣ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡೂ ಒಂದಕ್ಕೊಂದು ಲಾಕ್ ಆಗುತ್ತವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ನಡುವೆ ಇರುವುದಿಲ್ಲ. ಹಾಗಾದ್ರೆ ಆ 18 ಸುತ್ತಿನ ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಕೆಸರಲ್ಲಿ ಟೈರ್ ಜಾರಿ ಅದು ಕಳೆದುಹೋಗುತ್ತದೆ. ಟಾರಲ್ಲಿ ಜಾರಲು ಜಾಗವಿಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟ್‌ಗಳು ಬಿಗಿದುಕೊಳ್ಳುತ್ತವೆ. ಲಿವರ್ ಬಿಗಿ ಹಿಡಿಯುವುದು ಅದಕ್ಕೇ, ರಿವರ್ಸ್ ಹೋದಾಗ ಆ ಬಿಗಿ ಸಡಿಲವಾಗುತ್ತದೆ. ಹೀಗೇ ಓಡಿಸಿದರೆ ಶಾಫ್ಟಿನ ಜಾಯಿಂಟ್ ಕ್ರಾಸ್, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಚೈನ್ ಅಥವಾ ಗೇರ್, ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್ ಗೇರ್, ಯಾವುದಾದರೂ ಒಂದು ಹೋಗುತ್ತದೆ. ಟೈರ್ ಉಳಿಸಿದ ದುಡ್ಡಿಗಿಂತ ಅದು ಎಷ್ಟೋ ಜಾಸ್ತಿ.

ಇನ್ನೊಂದು ಮಾತು. ನಾಲ್ಕೂ ಟೈರ್ ಒಂದೇ ಸೈಜ್ ಇದ್ದರೂ ಟಾರ್ ಮೇಲೆ ಫೋರ್ ವೀಲ್ ಬೇಡ, ತಿರುವಿನಲ್ಲಿ ಇದೇ ಬಿಗಿ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಎಷ್ಟೋ ಜನ ಘಾಟಿಯುದ್ದಕ್ಕೂ ಹಾಕಿಕೊಂಡೇ ಹೋಗುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಂಪಾಜೆ ಘಾಟಿ
ಟೂ ವೀಲಲ್ಲೇ ಓಡಿಸೋದಾದ್ರೆ ಅಷ್ಟೊಂದು ತೊಂದರೆ ಇಲ್ಲ ಮಾರಾಯ್ರೇ. ಹಿಂದಿನ ಜೋಡಿ ಒಂದೇ ಸೈಜ್, ಮುಂದಿನ ಜೋಡಿ ಒಂದೇ ಸೈಜ್ ಇರಬೇಕು ಅಷ್ಟೆ. ಹಿಂದಿನದು ದೊಡ್ಡದಾದ್ದರಿಂದ ಮೀಟರ್ 60 ತೋರಿಸಿದಾಗ ಗಾಡಿ ಹೆಚ್ಚುಕಮ್ಮಿ 62, 63ರಲ್ಲಿ ಇರುತ್ತದೆ. ಆದರೆ ತೋಟದ ಏರಿಗೆ ಫೋರ್ ವೀಲ್ ಬೇಕೇ ಬೇಕು ಅಲ್ವಾ, ಹಾಗಾಗಿ ನಿಮಗೆ ಇದು ಆಗಲ್ಲ.

ಕುಶಾಲನಗರ ಲಾರಿ
ಲಾರಿಯವರೂ ಕೇಳಿಸಿಕೊಳ್ಳಿ. ಹಿಂದಿನ ಜೋಡಿ ಟೈರಲ್ಲಿ ಒಳಗೊಂದು ಸೈಜ್, ಹೊರಗೊಂದು ಸೈಜ್ ದಯವಿಟ್ಟು ಹಾಕಬೇಡಿ. ದೊಡ್ಡದರ ಮೇಲೆ ಭಾರವೆಲ್ಲ ಬಿದ್ದು ಕಾದು ಸಿಡಿಯುತ್ತದೆ, ಚಿಕ್ಕದು ಸುಮ್ನೆ ಉಜ್ಜಿಕೊಂಡು ಸವೆಯುತ್ತದೆ. ಒಳಗಿನ ಟೈರ್ ಗಾಳಿ ಯಾರೂ ನೋಡಲ್ಲ. ಗಾಳಿ ಕಮ್ಮಿಯಾದರೂ ಕಥೆ ಇದೇ.

ಮಾದಾಪುರ ತೋಟ
ತುಂಬಾ ಉಪಕಾರ ಆಯ್ತು. ಹಾಗಾದ್ರೆ 235 ಎರಡನ್ನೂ ಬಿಚ್ಚಿ, ಹಿಂದೆ 215 ಹೊಸದು ಎರಡು ಹಾಕಿದರೆ ಸಾಕಾ? ಮುಂದಿನದು ಅರ್ಧ ಸವೆದಿದೆ. ಸ್ಟೆಪ್ನಿಯೂ ಹಳೇ 215.

ಗೋಣಿಕೊಪ್ಪ ಮೆಕ್ಯಾನಿಕ್
ಸಾಕು, ಆದರೆ ಒಮ್ಮೆ ಅಳೆದು ನೋಡಿ. ನಾಲ್ಕಕ್ಕೂ ಕಂಪನಿ ಹೇಳಿದಷ್ಟು ಗಾಳಿ ಹಿಡಿಸಿ, ಟೈರಿನ ಬುಡದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಕಣದಲ್ಲಿ ಗಾಡಿ ನೇರ ತಳ್ಳಿ, ಒಂದು ಪೂರ್ತಿ ಸುತ್ತಿಗೆ ಎಷ್ಟು ದೂರ ಹೋಯಿತು ಅಂತ ಟೇಪ್ ಹಿಡಿಯಿರಿ. ಹೊಸದಕ್ಕೂ ಅರ್ಧ ಸವೆದದ್ದಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ, ಈಗ ಮುಂದಿನದಕ್ಕೂ ಹಿಂದಿನದಕ್ಕೂ ಒಂದು ಸುತ್ತಿಗೆ ಇರುವ ಸುಮಾರು 94 ಮಿ.ಮೀ. ವ್ಯತ್ಯಾಸದ ಮುಂದೆ ಅದು ಚಿಕ್ಕದು. ಮುಂದಿನ ಟೈರಿನ ಗೀರುಗಳ ಆಳ 1.6 ಮಿ.ಮೀ.ಗೆ ಹತ್ತಿರ ಬಂದಿದ್ದರೆ ನಾಲ್ಕೂ ಒಟ್ಟಿಗೆ ಬದಲಿಸಿ. ಹಳೇ ಟೈರ್ ತಗೊಳ್ಳೋದಾದ್ರೆ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ, 3219 ಅಂದರೆ 2019ರ 32ನೇ ವಾರ ತಯಾರಾದದ್ದು. ಸ್ಟೆಪ್ನಿ ಹಾಕಿಕೊಂಡು ಪಂಕ್ಚರ್ ಅಂಗಡಿವರೆಗೆ ಟೂ ವೀಲಲ್ಲಿ ಹೋಗಿ, ಏನೂ ಆಗಲ್ಲ. ಟೈರ್ ಬದಲಿಸಿದ ಮೇಲೂ ನೇರ ರಸ್ತೆಯಲ್ಲಿ ಲಿವರ್ ಬಿಗಿ ಹಿಡಿದರೆ ಆಗ ಗಾಡಿ ತನ್ನಿ, ಬಿಚ್ಚಿ ನೋಡೋಣ.